ಸಹಾಯ ಬೇಕು: ಪೈಪ್ ಗ್ಯಾಸ್ ಲೈನ್ ಜಾಗ ಬದಲಿಸಲು ಲೈಸೆನ್ಸ್ ಇರುವವರು (ತುಮಕೂರು)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಬಟವಾಡಿ ಹತ್ತಿರ. ಅಡುಗೆಮನೆ ಕಟ್ಟೆ ಒಡೆಸಿ ಹೊಸದಾಗಿ ಕಟ್ಟಿಸುತ್ತಿದ್ದೇವೆ. ಒಲೆ ಎದುರು ಗೋಡೆಗೆ ಹೋಗುತ್ತದೆ. ಗ್ಯಾಸ್ ಪೈಪನ್ನು ಸುಮಾರು 8 ಅಡಿ ಎಳೆಯಬೇಕು.

ಮನೆಗೆ ಬರುವ ಪ್ಲಂಬರ್ "ಅರ್ಧ ಗಂಟೆ ಕೆಲಸ ಅಣ್ಣ, ನಾನೇ ಮಾಡಿಕೊಡ್ತೀನಿ" ಅಂದರು. ನೀರಿನ ಕೆಲಸದಲ್ಲಿ ಅವರು ಪಕ್ಕಾ. ಆದರೂ ನಾನು ಬೇಡ ಅಂದೆ. ನೀರು ಸೋರಿದರೆ ನೆಲ ಒದ್ದೆಯಾಗಿ ಗೊತ್ತಾಗುತ್ತದೆ. ಗ್ಯಾಸ್ ಸೋರಿದರೆ ವಾಸನೆಯಿಂದಲೇ ತಿಳಿಯಬೇಕು ಅಲ್ವಾ? ನಮ್ಮಮ್ಮನಿಗೆ ಈಗ ವಾಸನೆ ಸರಿಯಾಗಿ ತಿಳಿಯಲ್ಲ, ಹಗಲೆಲ್ಲ ಮನೆಯಲ್ಲಿ ಒಬ್ಬರೇ ಇರುತ್ತಾರೆ. ಇದೇ ನನ್ನ ದೊಡ್ಡ ಚಿಂತೆ.

ಗ್ಯಾಸ್ ಕಂಪನಿಗೆ ಎರಡು ಸಲ ಫೋನ್ ಮಾಡಿದೆ. ಕಳಿಸ್ತೀವಿ ಅಂದರು, ಇನ್ನೂ ಯಾರೂ ಬಂದಿಲ್ಲ.

ಕಂಪನಿ ಒಪ್ಪಿದ, ಲೈಸೆನ್ಸ್ ಇರುವ ಕಂಟ್ರಾಕ್ಟರ್ ಹತ್ತಿರ ನೀವು ಯಾರಾದರೂ ಕೆಲಸ ಮಾಡಿಸಿದ್ದೀರಾ? ಕೆಲಸ ಮುಗಿದ ಮೇಲೆ ಪೈಪಿಗೆ ಗಾಳಿ ತುಂಬಿ, ಮೀಟರ್ ಇಟ್ಟು ಒತ್ತಡ ಇಳಿಯುತ್ತದಾ ಅಂತ ನೋಡಿದರಾ? ಸುಮ್ನೆ ಸೋಪಿನ ನೀರು ಹಚ್ಚಿ ಹೋದರೆ ನನಗೆ ಸಮಾಧಾನ ಇಲ್ಲ. ಬಿಲ್ ಮೇಲೆ ಲೈಸೆನ್ಸ್ ನಂಬರ್ ಬರೆದುಕೊಡುತ್ತಾರಾ?

ಇನ್ನೊಂದು. ಬಡಗಿಯವರು ಪೈಪು, ವಾಲ್ವು ಎಲ್ಲ ಬೀರುವಿನೊಳಗೆ ಮುಚ್ಚೋಣ ಅನ್ನುತ್ತಿದ್ದಾರೆ. ನನಗೆ ಇಷ್ಟವಿಲ್ಲ, ವಾಲ್ವು ಅಮ್ಮನ ಕೈಗೆ ಸಿಗುವ ಹಾಗಿರಬೇಕು. ಸಿಲಿಂಡರ್ ಗ್ಯಾಸ್ ಭಾರ, ಕೆಳಗೆ ನಿಲ್ಲುತ್ತದೆ. ಪೈಪ್ ಗ್ಯಾಸ್ ಹಗುರ, ಮೇಲಕ್ಕೆ ಹೋಗುತ್ತದೆ. ನಮ್ಮಲ್ಲಿ ಗಾಳಿಕಿಂಡಿ ಇರುವುದು ನೆಲದ ಹತ್ತಿರ ಮಾತ್ರ. ಮೇಲೆ ಎಲ್ಲಿ, ಎಷ್ಟು ದೊಡ್ಡದು ಇಡಿಸಿದಿರಿ?

ಹಣ ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ. ಶನಿವಾರ ಗ್ರಾನೈಟ್ ಕೂರಿಸುತ್ತಾರೆ, ಅಷ್ಟರೊಳಗೆ ಗೊತ್ತಾದರೆ ಒಳ್ಳೆಯದು. ನಂಬರ್ ಇದ್ದವರು ದಯವಿಟ್ಟು ನನಗೆ ಮೆಸೇಜ್ ಮಾಡಿ.