ಮನೆಗೆ ಸಹಾಯಧನ ಬಂತು, ಬಸ್ಸಿಗೆ ಯಾರನ್ನು ಕೇಳುವುದು?

ಪ್ರಶ್ನೆ: ನಮಸ್ಕಾರ ಮೇಡಂ. ಬೆಂಗಳೂರಿನ ಅಂಚಿನಲ್ಲಿರುವ ಸರ್ಕಾರಿ ವಸತಿ ಸಮುಚ್ಚಯವೊಂದರಲ್ಲಿ ನಮಗೆ ಮನೆ ಸಿಕ್ಕಿದೆ. ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಸಹಾಯಧನ ಇದ್ದದ್ದರಿಂದ ಹೇಗೋ ಹೊಂದಿಸಿದೆವು. ತೊಂದರೆ ಶುರುವಾಗುವುದು ಗೇಟಿನ ಹೊರಗೆ. ಬಸ್ ನಿಲ್ದಾಣ ಎರಡೂವರೆ ಕಿಲೋಮೀಟರ್ ದೂರ. ಅಮ್ಮ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾರೆ. ಶಕ್ತಿ ಯೋಜನೆಯಿಂದಾಗಿ ಬಸ್ಸಿನಲ್ಲಿ ಅವರು ಟಿಕೆಟಿಗೆ ಕಾಸು ಕೊಡಬೇಕಿಲ್ಲ. ಆದರೆ ಆ ಬಸ್ಸು ಹಿಡಿಯಲು ಷೇರ್ ಆಟೊಗೆ ಹೋಗಿಬರಲು ದಿನಕ್ಕೆ 60 ರೂಪಾಯಿ! ಮನೆ ಮತ್ತು ಸಾರಿಗೆ ಎರಡನ್ನೂ ಜೋಡಿಸುವ ಅನುದಾನ ಸರ್ಕಾರದಲ್ಲಿ ಇಲ್ಲವೇ?

ಉತ್ತರ (ನಗರ ಯೋಜಕಿ): ಮೊದಲು ನಿಮ್ಮ ಲೆಕ್ಕವನ್ನೇ ಮುಂದುವರಿಸುತ್ತೇನೆ. ತಿಂಗಳಿಗೆ 26 ದಿನ ಕೆಲಸವೆಂದರೆ 1,560 ರೂಪಾಯಿ, ವರ್ಷಕ್ಕೆ 18,720. ಇಂತಹ ಸಮುಚ್ಚಯದ ಪ್ರತಿ ಮನೆಗೆ ಕೇಂದ್ರ ಕೊಡುವುದು ಒಂದೂವರೆ ಲಕ್ಷ. ಎಂಟು ವರ್ಷದಲ್ಲಿ ಅಷ್ಟೂ ಹಣ ಆಟೊ ಬಾಡಿಗೆಗೆ ಕರಗಿಹೋಗುತ್ತದೆ.

ನೀವು ಕೇಳಿದಂತಹ ಒಂದೇ ಅನುದಾನ ನಮ್ಮಲ್ಲಿ ಇಲ್ಲ. ಆವಾಸ್ ಯೋಜನೆ ಎಣಿಸುವುದು ಮನೆಗಳನ್ನು. ಮನೆ ಮೆಜೆಸ್ಟಿಕ್ ಪಕ್ಕದಲ್ಲಿರಲಿ, ಊರಾಚೆಯ ಗೋಮಾಳದಲ್ಲಿರಲಿ, ಸಹಾಯಧನ ಅಷ್ಟೇ. ಹಾಗಾಗಿ ಜಾಗ ಅಗ್ಗವಾಗಿ ಸಿಗುವಲ್ಲಿಗೇ ಕಟ್ಟಡ ಹೋಗುತ್ತದೆ, ಬಸ್ಸು ಹಿಂದೆ ಉಳಿಯುತ್ತದೆ. ಇದು ಹಳೆಯ ರೋಗ. ನಗರಗಳ ನವೀಕರಣಕ್ಕೆಂದು ಕೇಂದ್ರ 2005ರಲ್ಲಿ ತಂದ ನರ್ಮ್ ಯೋಜನೆಯಲ್ಲಿ ಬಡವರ ಮನೆಯೂ ಇತ್ತು, ನಗರ ಸಾರಿಗೆಯೂ ಇತ್ತು. ನೋಡಿಕೊಳ್ಳುತ್ತಿದ್ದದ್ದು ಮಾತ್ರ ಎರಡು ಬೇರೆ ಸಚಿವಾಲಯಗಳು. ಚೆನ್ನೈನಲ್ಲಿ ಬಡವರಿಗೆಂದು ಕಟ್ಟಿದ ಪೆರುಂಬಾಕ್ಕಂ ವಸತಿ ಸಮುಚ್ಚಯಕ್ಕೆ ಹೋದರೆ ಅದರ ಫಲ ಕಾಣುತ್ತದೆ: ಊರಿನಿಂದ ಅಷ್ಟು ದೂರದಲ್ಲಿ ಸಾಲುಸಾಲು ಎಂಟು ಮಹಡಿಯ ಕಟ್ಟಡಗಳು. 2017ರಲ್ಲಿ ಸಚಿವಾಲಯಗಳು ಒಂದಾದವು. ಹಣದ ಚೀಲಗಳು ಒಂದಾಗಲಿಲ್ಲ.

ಅದೇ ವರ್ಷದ ಮೆಟ್ರೊ ನೀತಿ ಪ್ರತಿ ನಿಲ್ದಾಣದ ಸುತ್ತ ಐದು ಕಿಲೋಮೀಟರಿನಲ್ಲಿ ಸಂಪರ್ಕ ಸಾರಿಗೆ ಇರಬೇಕೆಂದಿತು. ನಿಲ್ದಾಣದ ಆಸುಪಾಸಿನಲ್ಲಿ ಕಡಿಮೆ ಆದಾಯದವರ ಮನೆಗೂ ಪಾಲಿರಬೇಕೆಂದು ಇನ್ನೊಂದು ರಾಷ್ಟ್ರೀಯ ನೀತಿ ಹೇಳಿತು. ಮಾತು ಒಳ್ಳೆಯದೇ. ಆದರೆ ಮೆಟ್ರೊ ಬರುತ್ತದೆಂಬ ಸುದ್ದಿಗೇ ಜಾಗದ ಬೆಲೆ ಏರಿರುತ್ತದೆ. ಆಮೇಲೆ ಅಲ್ಲಿ ಅಗ್ಗದ ಮನೆ ಕಟ್ಟುವವರು ಯಾರು?

ಇನ್ನೊಬ್ಬ ಸದಸ್ಯರು: ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗ ನಾನು. ಇಲ್ಲಿ ನಮ್ಮ ಬೀದಿಯಲ್ಲಿ ಕಡಿಮೆ ಬಾಡಿಗೆಯ ಮನೆಗಳು ಎದ್ದಾಗ ಜೊತೆಯಲ್ಲೇ ಬಸ್ ತಂಗುದಾಣ, ಸೈಕಲ್ ದಾರಿ ಕೂಡ ಬಂದವು. ಅದು ಹೇಗೆ?

ಉತ್ತರ: ನೀವು ಹೇಳುವುದು ಬಹುಶಃ 2014ರಲ್ಲಿ ಆ ರಾಜ್ಯ ಶುರು ಮಾಡಿದ ಅನುದಾನ. ಕಂಪನಿಗಳಿಗೆ ಹೊಗೆ ಉಗುಳುವ ಪರವಾನಗಿಯನ್ನು ಹರಾಜು ಹಾಕಿ ಬಂದ ಹಣದಲ್ಲಿ ಶೇ 20ನ್ನು ಆ ವರ್ಷದ ಕಾನೂನು ಇದಕ್ಕೆಂದೇ ತೆಗೆದಿಟ್ಟಿತು. ಒಂದೇ ಅರ್ಜಿಯಲ್ಲಿ ಮನೆಯೂ ಇರಬೇಕು, ಸಾರಿಗೆಯ ಕೆಲಸವೂ ಇರಬೇಕು. ಬಸ್ಸೋ ರೈಲೋ ಅರ್ಧ ಮೈಲಿಯೊಳಗೆ ಸಿಗಬೇಕು. ಯೋಜನೆಯಿಂದ ಎಷ್ಟು ಹೊಗೆ ತಗ್ಗುತ್ತದೆ ಎಂಬುದಕ್ಕೂ ಅಂಕ ಉಂಟು, ಆದ್ದರಿಂದ ಊರಾಚೆಯ ಜಾಗ ತೋರಿಸಿದವರು ತಾವಾಗಿಯೇ ಹಿಂದೆ ಬೀಳುತ್ತಾರೆ. ನನಗೆ ಹೊಟ್ಟೆಕಿಚ್ಚು ಬರುವುದು ಹಣದ ಮೊತ್ತಕ್ಕಲ್ಲ, ಆ ಒಂದೇ ಅರ್ಜಿಗೆ.

ಪ್ರಶ್ನೆ ಕೇಳಿದವರು: ಹಾಗಾದರೆ ನಾವು ಕೈಕಟ್ಟಿ ಕೂರಬೇಕೇ ಮೇಡಂ? ಕೇಂದ್ರದ ಇ-ಬಸ್ ಯೋಜನೆಯಲ್ಲಿ ನಮ್ಮ ಕಡೆಗೂ ಬಸ್ಸು ಬರುತ್ತದೆ ಎನ್ನುತ್ತಿದ್ದಾರೆ.

ಉತ್ತರ: 2023ರ ಪಿಎಂ ಇ-ಬಸ್ ಸೇವಾ ಯೋಜನೆ 3 ಲಕ್ಷದಿಂದ 40 ಲಕ್ಷ ಜನಸಂಖ್ಯೆಯ ನಗರಗಳಿಗೆ, ಅದೂ 2011ರ ಜನಗಣತಿಯ ಪ್ರಕಾರ. ಬೆಂಗಳೂರು ಅದರೊಳಗೆ ಬರುವುದಿಲ್ಲ. ಅದನ್ನು ಕಾಯಬೇಡಿ.

ದೊಡ್ಡ ಅನುದಾನಕ್ಕಿಂತ ಮೊದಲು ನಿಮಗೆ ಬೇಕಿರುವುದು ಎರಡು ಷೆಡ್ಯೂಲ್ ಬಸ್ಸು, ಅಂದರೆ ನಿಗದಿತ ವೇಳಾಪಟ್ಟಿಯಲ್ಲಿ ಓಡುವ ಎರಡು ಬಸ್ಸು. ಒಂದು ವಾರದ ದಿನ, ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಗೇಟಿನಲ್ಲಿ ಕುಳಿತು ಎಣಿಸಿ: ಎಷ್ಟು ಜನ, ಎಲ್ಲಿಗೆ, ಎಷ್ಟು ಗಂಟೆಗೆ. ಹೆಂಗಸರನ್ನು ಬೇರೆಯಾಗಿ ಬರೆಯಿರಿ. ಅವರ ಉಚಿತ ಟಿಕೆಟಿನ ಹಣವನ್ನು ರಾಜ್ಯ ಸರ್ಕಾರ ಸಾರಿಗೆ ಸಂಸ್ಥೆಗೆ ತುಂಬಿಕೊಡಬೇಕು, ಹಾಗಾಗಿ ಆ ಸಂಖ್ಯೆಗೂ ಬೆಲೆಯಿದೆ. ಇನ್ನೊಂದು ವಿಷಯವನ್ನು ಎಲ್ಲರೂ ಮರೆಯುತ್ತಾರೆ: ಹನ್ನೆರಡು ಮೀಟರ್ ಉದ್ದದ ಬಸ್ಸು ನಿಮ್ಮ ಗೇಟಿನ ಮುಂದೆ ತಿರುಗಬಲ್ಲದೇ? ಎಷ್ಟೋ ಕಡೆ ಅರ್ಜಿ ಬಿದ್ದುಹೋಗುವುದು ಜೋತಾಡುವ ತಂತಿಯಿಂದ, ಮೂಲೆಯಲ್ಲಿ ಸುರಿದ ಜಲ್ಲಿ ರಾಶಿಯಿಂದ. ಟೇಪು ಹಿಡಿದು ರಸ್ತೆಯ ಅಗಲ ಅಳೆಯಿರಿ, ಫೋಟೊ ತೆಗೆಯಿರಿ, ಕೈಯಲ್ಲೇ ನಕ್ಷೆ ಬರೆಯಿರಿ. ಹತ್ತಿರದ ಡಿಪೊ ವ್ಯವಸ್ಥಾಪಕರಿಗೊಂದು ಪ್ರತಿ, ನಿಮ್ಮ ಶಾಸಕರಿಗೊಂದು. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಬರಬೇಡಿ.

ಪ್ರಶ್ನೆ ಕೇಳಿದವರು: ಈ ಭಾನುವಾರ ಹುಡುಗರೆಲ್ಲ ಬಿಡುವಾಗಿರುತ್ತಾರೆ, ಎಣಿಸಿಬಿಡುತ್ತೇವೆ.

ಉತ್ತರ: ಭಾನುವಾರ ರಸ್ತೆ ಅಳೆಯಿರಿ. ಜನರನ್ನು ಎಣಿಸುವುದು ಸೋಮವಾರ, ಅಮ್ಮ ಹೊರಡುವ ಹೊತ್ತಿಗೆ.