ಹಡಗಿನ ‘ವಾಚ್’ಗೆ ಯಾವ ಶಬ್ದ? ಪಾಳಿಯೋ, ಜಾವವೋ?

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಿಂದ ಒಂದು ಪ್ರಶ್ನೆ. ಕರಾವಳಿಯವರು ಯಾರಾದರೂ ಇದ್ದರೆ ದಯವಿಟ್ಟು ಪೂರ್ತಿ ಓದಿ.

ನನ್ನ ಅಕ್ಕನ ಮಗ ತರಬೇತಿ ಹಡಗಿನಲ್ಲಿ ಕೆಡೆಟ್, ಅಂದ್ರೆ ಹಡಗಿನ ಅಧಿಕಾರಿಯಾಗಲು ಕಲಿಯುತ್ತಿರುವವನು. ಹಡಗು ಅಂದ್ರೆ ನಿಜವಾದ ಹಡಗೇ. ಇದನ್ನು ಒತ್ತಿ ಹೇಳಲು ಕಾರಣ ಇದೆ. ಮುಂಬೈ ಬಂದರಿನಲ್ಲಿ 1927ರಿಂದ ‘ಡಫರಿನ್’, 1972ರಿಂದ ‘ರಾಜೇಂದ್ರ’ ಎಂಬ ತರಬೇತಿ ಹಡಗುಗಳಿದ್ದವು. ಹುಡುಗರು ಅವುಗಳಲ್ಲೇ ಉಳಿದು ಕಲಿಯುತ್ತಿದ್ದರು. 1993ರಲ್ಲಿ ಅವುಗಳ ಜಾಗಕ್ಕೆ ಬಂದ ‘ಟಿ.ಎಸ್. ಚಾಣಕ್ಯ’ ನವಿ ಮುಂಬೈಯಲ್ಲಿ ನೆಲದ ಮೇಲಿರುವ ಕ್ಯಾಂಪಸ್ಸು. ಹೆಸರಿನಲ್ಲಿ ಮಾತ್ರ ಇನ್ನೂ ‘ಟ್ರೇನಿಂಗ್ ಶಿಪ್’ ಉಳಿದಿದೆ. ನಮ್ಮ ಹುಡುಗ ಇರುವುದು ಸರಕು ಸಾಗಿಸುವ ಹಡಗಿನಲ್ಲಿ. ಕಲಿಯುವವರಿಗೆ ಅಂತ ಅದರಲ್ಲಿ ಹೆಚ್ಚಿನ ಕ್ಯಾಬಿನ್ನು, ಒಂದು ಪಾಠದ ಕೋಣೆ ಇವೆ.

ಅವನು ಬರೆದು ಕಳಿಸುವುದೆಲ್ಲ ಇಂಗ್ಲಿಷಿನಲ್ಲಿ. ಅದನ್ನು ನಮ್ಮವ್ವನಿಗೆ ಓದಿ ಹೇಳುವುದು ನನ್ನ ಪಾಲಿಗೆ ಬಂದ ಕೆಲಸ. ಹೇಳ್ತಾ ಹೇಳ್ತಾ ಕನ್ನಡದಲ್ಲಿ ಬರೆದೂ ಇಡುತ್ತಿದ್ದೇನೆ. ಡೆಕ್, ಎಂಜಿನ್, ಕ್ಯಾಪ್ಟನ್ ಹಾಗೇ ಇರಲಿ ಅಂತ ಬಿಟ್ಟೆ. ಲಂಗರು, ಚುಕ್ಕಾಣಿ, ಹಾಯಿ ಹೇಗೂ ನಮ್ಮಲ್ಲಿವೆ. ಖಲಾಸಿಯಂತೂ ಹುಬ್ಬಳ್ಳಿಯವರಿಗೆ ಹೇಳಿಕೊಡಬೇಕಿಲ್ಲ. ಹಡಗಿನ ಆಳಿಗೆ ಇದ್ದ ಆ ಹೆಸರನ್ನು ರೈಲ್ವೆ ವರ್ಕ್‌ಶಾಪು ಯಾವತ್ತೋ ತನ್ನದು ಮಾಡಿಕೊಂಡಿದೆ. ಗಾಡಿ ನಿಂತಿದ್ದು ‘ವಾಚ್’ ಹತ್ತಿರ.

ಸಂಗತಿ ಹೀಗಿದೆ. ಹಡಗು ನಡುಸಮುದ್ರದಲ್ಲಿದ್ದಾಗ ನಾಲ್ಕು ತಾಸು ಕೆಲಸ, ಎಂಟು ತಾಸು ಬಿಡುವು. ಮತ್ತೆ ನಾಲ್ಕು, ಮತ್ತೆ ಎಂಟು. ಆ ನಾಲ್ಕು ತಾಸಿನ ಸರದಿಗೇ ‘ವಾಚ್’ ಅನ್ನುತ್ತಾರೆ. ಕ್ಯಾಪ್ಟನ್ ಕೈಕೆಳಗಿನ ಅಧಿಕಾರಿಗಳಿಗೆ ಮೇಟ್ ಅಂತ ಹೆಸರು. ಸಾಮಾನ್ಯವಾಗಿ ಹನ್ನೆರಡರಿಂದ ನಾಲ್ಕು ಸೆಕೆಂಡ್ ಮೇಟ್‌ದು, ನಾಲ್ಕರಿಂದ ಎಂಟು ಚೀಫ್ ಮೇಟ್‌ದು, ಎಂಟರಿಂದ ಹನ್ನೆರಡು ಥರ್ಡ್ ಮೇಟ್‌ದು. ಹಗಲೂ ಅಷ್ಟೇ, ರಾತ್ರಿಯೂ ಅಷ್ಟೇ. ಕೆಡೆಟ್ ಇವರಲ್ಲಿ ಒಬ್ಬರ ಜೊತೆ ಬ್ರಿಜ್ ಮೇಲೆ, ಅಂದ್ರೆ ಹಡಗು ನಡೆಸುವ ಎತ್ತರದ ಕೋಣೆಯಲ್ಲಿ, ನಿಲ್ಲಬೇಕು. ರಾತ್ರಿ ಅಲ್ಲಿ ದೀಪ ಇರುವುದಿಲ್ಲ. ಹೊಸದಾಗಿ ಬಂದವನ ಕಣ್ಣು ಕತ್ತಲೆಗೆ ಹೊಂದುವ ತನಕ ಹಳಬ ಕೆಳಗೆ ಇಳಿಯುವ ಹಾಗಿಲ್ಲ. ಅದಕ್ಕೇ ಸ್ವಲ್ಪ ಮೊದಲೇ ಹೋಗಿ, ಸುಮ್ನೆ ಕತ್ತಲಲ್ಲಿ ನಿಂತಿರುತ್ತೇನೆ ಅಂತ ಬರೆದಿದ್ದಾನೆ.

ನನಗೆ ಮೊದಲು ಹೊಳೆದದ್ದು ‘ಪಾಳಿ’. ನಮ್ಮ ಕಡೆ ವರ್ಕ್‌ಶಾಪಿನಲ್ಲೂ ಪಾಳಿ, ಆಸ್ಪತ್ರೆಯಲ್ಲೂ ಪಾಳಿ, ನಳದ ಮುಂದೆ ಕೊಡ ಇಟ್ಟರೂ ಪಾಳಿ. ಓದಿದ ಕೂಡಲೇ ತಿಳಿಯುತ್ತದೆ. ಆದ್ರೆ ಅದರಲ್ಲಿ ಸರದಿ ಇದೆಯೇ ಹೊರತು ಕಾಯುವುದು ಇಲ್ಲ. ಬ್ರಿಜ್ ಮೇಲೆ ಕೈಕೆಲಸಕ್ಕಿಂತ ಕಣ್ಣಿನ ಕೆಲಸ ಜಾಸ್ತಿ. ‘ಪಹರೆ’ ಅಂದರೆ ಬಂದೂಕು ಹಿಡಿದ ಸಿಪಾಯಿ ಕಾಣುತ್ತಾನೆ. ಅವ್ವನನ್ನು ಕೇಳಿದೆ. “ಹೊಲಕ್ಕ ವಸ್ತಿ ಹೋದಂಗ ಆತ ಬಿಡು” ಅಂದಳು. ಬೆಳೆ ಕಾಯಲು ರಾತ್ರಿ ಹೋಗುವುದಕ್ಕೆ ನಮ್ಮಲ್ಲಿ ವಸ್ತಿ ಅನ್ನುತ್ತೇವೆ. ಕಾಯುವ ಅರ್ಥ ಅದರಲ್ಲಿ ಚೆನ್ನಾಗಿ ಬಂತು, ಆದ್ರೆ ವಸ್ತಿ ಹೋದವನು ಬೆಳಗಾಗುವ ತನಕ ಅಲ್ಲೇ ಇರುತ್ತಾನೆ, ಅಲ್ವಾ? ನಾಲ್ಕು ತಾಸಿನ ಲೆಕ್ಕ ಅಲ್ಲಿಲ್ಲ.

ಈಗ ನನ್ನ ಮನಸ್ಸು ‘ಜಾವ’ದ ಕಡೆ ವಾಲಿದೆ. ಜಾವಕ್ಕೆ ಮೂರು ತಾಸು, ದಿನಕ್ಕೆ ಎಂಟು ಜಾವ. ಹಡಗಿನದು ನಾಲ್ಕು ತಾಸು, ದಿನಕ್ಕೆ ಆರು. ಲೆಕ್ಕ ಕೂಡುವುದಿಲ್ಲ ಅಂತ ಯಾರಾದರೂ ಹೇಳುತ್ತೀರಿ, ಗೊತ್ತು. ಆದ್ರೆ ಈಗ ಜಾವವನ್ನು ಮೂರು ತಾಸು ಅಂತ ಅಳೆಯುವವರು ಯಾರಿದ್ದಾರೆ? ಬಳಕೆಯಲ್ಲಿ ಉಳಿದಿರುವುದು ಹೆಚ್ಚಾಗಿ ‘ಬೆಳಗಿನ ಜಾವ’. ಅದು ಚೀಫ್ ಮೇಟ್‌ನ ನಾಲ್ಕರಿಂದ ಎಂಟಕ್ಕೆ ಹೇಳಿ ಮಾಡಿಸಿದ ಹಾಗಿದೆ. ಸೆಕ್ಸ್‌ಟೆಂಟ್ ಅನ್ನುವ ಕೋನ ಅಳೆಯುವ ಉಪಕರಣ ಹಿಡಿದು ಚುಕ್ಕಿ ನೋಡಿ ಹಡಗು ಎಲ್ಲಿದೆ ಅಂತ ಲೆಕ್ಕ ಹಾಕುವುದೂ ಆ ಹೊತ್ತಿನಲ್ಲೇ. ಚುಕ್ಕಿಯೂ ಕಾಣಬೇಕು, ನೀರು ಆಕಾಶ ಕೂಡುವ ಗೆರೆಯೂ ಕಾಣಬೇಕು. ನಟ್ಟಿರುಳಿನಲ್ಲಿ ಗೆರೆ ಸರಿಯಾಗಿ ಕಾಣದು, ಹೊತ್ತು ಹುಟ್ಟಿದ ಮೇಲೆ ಚುಕ್ಕಿ ಇರದು. ನಡುವೆ ಸಿಗುವ ಆ ಸ್ವಲ್ಪ ಹೊತ್ತಿಗೆ ‘ನಸುಕು’ ಅಂತ ಬರೆದೆ. ಆ ಮಾತು ನನಗೆ ಬಹಳ ಹಿಡಿಸಿತು. ಅದನ್ನು ಮಾತ್ರ ಯಾರು ಹೇಳಿದರೂ ಬದಲಿಸುವುದಿಲ್ಲ.

ಇನ್ನೊಂದು ಮಾತು. ನಾಲ್ಕು ತಾಸು ಅನ್ನುವುದೂ ಗಟ್ಟಿ ಲೆಕ್ಕ ಅಲ್ಲ. 15 ಡಿಗ್ರಿ ರೇಖಾಂಶ ದಾಟಿದರೆ ಒಂದು ತಾಸಿನ ವ್ಯತ್ಯಾಸ. ಪಶ್ಚಿಮಕ್ಕೆ ಹೋಗುವಾಗ ಗಡಿಯಾರ ಹಿಂದಕ್ಕೆ ಸರಿಸುತ್ತಾರೆ. ಹೆಚ್ಚಾದ ಆ ತಾಸು ಒಬ್ಬನ ತಲೆಗೇ ಬೀಳದಿರಲಿ ಅಂತ ಮೂವರಿಗೂ ಇಪ್ಪತ್ತಿಪ್ಪತ್ತು ನಿಮಿಷ ಹಂಚುವುದುಂಟು. ಹೀಗೆ ಹಿಗ್ಗಿ ಕುಗ್ಗುವ ಹೊತ್ತಿಗೆ ಪಾಳಿಗಿಂತ ಜಾವವೇ ಒಪ್ಪುತ್ತದೆ ಅಂತ ನನ್ನ ಅನಿಸಿಕೆ. ಆದ್ರೆ ‘ವಾಚ್’ ಅಂದರೆ ಆ ಹೊತ್ತಿನ ಜನವೂ ಹೌದು. ‘ಪಾಳಿಯವರು’ ಅನ್ನಬಹುದು. ‘ಜಾವದವರು’ ಅಂದರೆ ನಗುತ್ತೀರೇನೋ.

ಎರಡನೇ ತೊಡಕು ಹಡಗಿನಲ್ಲಿ ಹೊತ್ತು ತಿಳಿಸಲು ಬಾರಿಸುವ ಗಂಟೆಯದು. ಹಾಯಿ ಹಡಗಿನ ಕಾಲದಿಂದ ಬಂದ ಪದ್ಧತಿ ಇದು: ವಾಚ್ ಶುರುವಾದ ಮೊದಲ ಅರ್ಧ ತಾಸಿಗೆ ಒಂದು ಏಟು, ಒಂದು ತಾಸಿಗೆ ಎರಡು, ನಾಲ್ಕು ತಾಸು ಮುಗಿದಾಗ ಎಂಟು. ಅಂದ್ರೆ ಮಧ್ಯಾಹ್ನ ಹನ್ನೆರಡಕ್ಕೂ ಎಂಟು, ಸಂಜೆ ನಾಲ್ಕಕ್ಕೂ ಎಂಟು! ಇದನ್ನು ‘ಎಂಟು ಗಂಟೆ’ ಅಂತ ಬರೆದರೆ ಕೆಟ್ಟಿತು. ‘ಎಂಟು ಹೊಡೆಯಿತು’ ಅಂದರೂ ಗಡಿಯಾರವೇ ನೆನಪಾಗುತ್ತದೆ. ನಮ್ಮಲ್ಲಿ ‘ತಾಸು’ ಇರುವುದರಿಂದ ಹೊತ್ತಿಗೆ ತಾಸು, ಲೋಹಕ್ಕೆ ಗಂಟೆ ಅಂತ ಬೇರೆ ಮಾಡಿಕೊಂಡೆ. ಮೈಸೂರು ಕಡೆಯವರಿಗೆ ಇದು ಓದಲು ತೊಡಕಾಗುತ್ತದಾ, ಹೇಳಿ. ಈಗ ಸರಕು ಹಡಗಿನಲ್ಲಿ ಹೀಗೆ ಬಾರಿಸುವುದು ಅಪರೂಪ. ಆದ್ರೆ ಲಂಗರು ಹಾಕಿ ನಿಂತಾಗ ಮಂಜು ಕವಿದರೆ ನಿಮಿಷಕ್ಕೊಮ್ಮೆಯಾದರೂ ಐದು ಸೆಕೆಂಡಿನಷ್ಟು ಬಿಡದೆ ಬಾರಿಸಲೇಬೇಕು. ಅದು ನಿಯಮ.

ಹಾವೇರಿ ಕಡೆ ತುಂಗಭದ್ರೆಯ ದಂಡೆಯಲ್ಲಿ ಅಂಬಿಗರ ಚೌಡಯ್ಯನ ಚೌಡಯ್ಯದಾನಪುರ ಇದೆ. ಅಲ್ಲಿಯ ಅಂಬಿಗರ ಮಾತಿನಲ್ಲಿ ಏನಾದರೂ ಸಿಕ್ಕೀತೇ ಅಂತ ಯೋಚಿಸಿದೆ. ಆದ್ರೆ ಹರಿಗೋಲಿನಲ್ಲಿ ಹೊಳೆ ದಾಟುವವರಿಗೆ ರಾತ್ರಿಯಿಡೀ ಸರದಿ ಕಾಯುವ ಪ್ರಸಂಗ ಎಲ್ಲಿ ಬರುತ್ತದೆ?

ಅದಕ್ಕೇ ಕಾರವಾರ, ಹೊನ್ನಾವರ, ಮಲ್ಪೆಯವರನ್ನು ಕೇಳುತ್ತಿದ್ದೇನೆ. ‘ನೌಕಾ ಪ್ರಹರಿ ಕರ್ತವ್ಯ’ದಂಥ ಶಬ್ದ ಕಟ್ಟಿ ಕಳಿಸಬೇಡಿ, ಅವ್ವನಿಗೆ ಓದಿ ಹೇಳಬೇಕಾದವನು ನಾನು. ವಾರಗಟ್ಟಲೆ ಆಳಸಮುದ್ರಕ್ಕೆ ಹೋಗುವ ಮೀನುಗಾರಿಕೆ ಬೋಟಿನಲ್ಲಿ ರಾತ್ರಿ ಒಬ್ಬ ಮಲಗಿ ಇನ್ನೊಬ್ಬ ಚುಕ್ಕಾಣಿ ಹಿಡಿಯುತ್ತಾನಲ್ಲ, ಆ ಸರದಿಗೆ ಏನಂತಾರೆ? ಬೇರೆ ಶಬ್ದವೇ ಇಲ್ಲದೆ ‘ಈಗ ನಿನ್ನ ಡ್ಯೂಟಿ’ ಅಂತಲೇ ಎಬ್ಬಿಸುತ್ತಾರಾದರೆ ಅದನ್ನೂ ತಿಳಿಸಿ.