ಆದಾಯ ಕುಸಿದಾಗ ಎಲ್ಲ ವಿಭಾಗಕ್ಕೂ ಒಂದೇ ಕತ್ತರಿ ಹಾಕಬಹುದೇ?

ಪ್ರಶ್ನೆ:
ಒಂದು ಸಣ್ಣ ನಗರಾಡಳಿತದ ಹಣಕಾಸು ಸಮಿತಿಗೆ ನಾನು ಹೊಸದಾಗಿ ಬಂದಿದ್ದೇನೆ. ಬಜೆಟ್ ಓದುವುದನ್ನು ಈಗಷ್ಟೇ ಕಲಿಯುತ್ತಿದ್ದೇನೆ. ವರ್ಷ ಶುರುವಾಗಿ ಐದು ತಿಂಗಳಾಯಿತು. ಮನೆ ಕಟ್ಟುವವರು ಕಡಿಮೆಯಾಗಿದ್ದಾರೆ, ಹಾಗಾಗಿ ಕಟ್ಟಡ ಪರವಾನಗಿ ಶುಲ್ಕ ಅಂದಾಜು ಮಾಡಿದಷ್ಟು ಬರುತ್ತಿಲ್ಲ. ಡೀಸೆಲ್, ಕರೆಂಟ್ ಬಿಲ್ ಮಾತ್ರ ಏರುತ್ತಲೇ ಇದೆ. ಎಲ್ಲ ವಿಭಾಗಕ್ಕೂ ಶೇ 10 ಕಡಿತ ಮಾಡೋಣ, ಯಾರಿಗೂ ಬೇಜಾರಾಗುವುದಿಲ್ಲ ಎಂದು ಉಳಿದ ಸದಸ್ಯರು ಹೇಳುತ್ತಿದ್ದಾರೆ. ಹಳೆ ನೀರಿನ ಪೈಪ್ ಬದಲಿಸುವ ಕೆಲಸಕ್ಕೂ ಆ ಕತ್ತರಿ ಬೀಳುತ್ತದೆ. ನನ್ನ ಮನಸ್ಸು ಒಪ್ಪುತ್ತಿಲ್ಲ. ಸಭೆಯಲ್ಲಿ ಏನು ಹೇಳಲಿ?

ಉತ್ತರ 1:
ನಾನು 22 ವರ್ಷ ಇಂಥದ್ದೇ ಒಂದು ಕಚೇರಿಯ ಲೆಕ್ಕ ವಿಭಾಗದಲ್ಲಿದ್ದೆ. 'ಎಲ್ಲರಿಗೂ ಶೇ 10' ಎಂಬ ಟಿಪ್ಪಣಿಯನ್ನು ಒಮ್ಮೆ ನಾನೇ ಬರೆದಿದ್ದೇನೆ. ಸಂಬಳ, ಪಿಂಚಣಿ, ಸಾಲದ ಕಂತು ಮುಟ್ಟುವ ಹಾಗಿರಲಿಲ್ಲ. ಕೊನೆಗೆ ಪೂರ್ತಿ ಹೊರೆ ಬಿದ್ದದ್ದು ರಿಪೇರಿ ಕೆಲಸಗಳ ಮೇಲೆ. ಚರಂಡಿ ಹೂಳೆತ್ತುವುದನ್ನು ಮುಂದೂಡಿದೆವು. ಮರುವರ್ಷದ ಮಳೆಗೆ ಚರಂಡಿಯ ಗೋಡೆಯೇ ಕುಸಿಯಿತು. ಉಳಿಸಿದ್ದಕ್ಕಿಂತ ಜಾಸ್ತಿ ಅದನ್ನು ಕಟ್ಟಿಸುವುದಕ್ಕೇ ಹೋಯಿತು. ಆ ಟಿಪ್ಪಣಿಗೆ ಸಹಿ ಹಾಕಿದ್ದು ನನಗೆ ಇಂದಿಗೂ ನೋವು.

ಸಭೆಯಲ್ಲಿ ಮೊದಲು ಒಂದೇ ಪ್ರಶ್ನೆ ಕೇಳಿ. ಈ ಇಳಿಕೆ ಒಂದೆರಡು ವರ್ಷದ್ದೋ, ಹೀಗೇ ಉಳಿಯುವಂಥದ್ದೋ? ಸ್ವಲ್ಪ ಕಾಲದ್ದಾದರೆ ಮೀಸಲು ನಿಧಿ ಮುಟ್ಟಬಹುದು, ಅದು ಇರುವುದೇ ಅದಕ್ಕೆ. ಕನಿಷ್ಠ ಎರಡು ತಿಂಗಳ ಖರ್ಚಿನಷ್ಟು ಮೀಸಲು ಇಟ್ಟುಕೊಳ್ಳಿ ಎಂದು ಅಮೆರಿಕದ ಸರ್ಕಾರಿ ಹಣಕಾಸು ಅಧಿಕಾರಿಗಳ ಸಂಘ ಹೇಳುತ್ತದೆ. ಹೀಗೇ ಉಳಿಯುತ್ತದೆ ಅನ್ನಿಸಿದರೆ ಯಾವುದಾದರೂ ಒಂದು ಸೇವೆಯನ್ನು ಚಿಕ್ಕದು ಮಾಡಲೇಬೇಕು. ಅದನ್ನು ಜನರಿಗೆ ನೇರವಾಗಿ ಹೇಳಿಯೇ ಮಾಡಿ. ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಕೊಯ್ದರೆ ಯಾವ ಕೆಲಸವೂ ನೆಟ್ಟಗೆ ಆಗುವುದಿಲ್ಲ.

ಉತ್ತರ 2:
ಆಸ್ತಿ ತೆರಿಗೆ ಚೆನ್ನಾಗಿ ಬರುತ್ತಿದೆ ಎಂದು ನಿಶ್ಚಿಂತೆಯಿಂದ ಇರಬೇಡಿ. ಮನೆಗಳ ಬೆಲೆ ಇಳಿದರೂ ತೆರಿಗೆಗೆ ಲೆಕ್ಕ ಹಾಕುವ ಮೌಲ್ಯ ತಡವಾಗಿ ಬದಲಾಗುತ್ತದೆ. 2008ರ ಕುಸಿತದ ನಂತರ ಅಮೆರಿಕದ ಎಷ್ಟೋ ಊರುಗಳಿಗೆ ನಿಜವಾದ ಪೆಟ್ಟು ಬಿದ್ದದ್ದು ಒಂದೆರಡು ವರ್ಷ ಕಳೆದ ಮೇಲೆ. ಪರವಾನಗಿ ಶುಲ್ಕ ಮೊದಲು ಬೀಳುತ್ತದೆ, ಅದನ್ನು ಮುನ್ಸೂಚನೆ ಎಂದುಕೊಳ್ಳಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ಇನ್ನೊಂದು ಮಾತು. ನಮ್ಮ ಹತ್ತಿರ ಒಂದು ಖಾಲಿ ಜಾಗ ಇದೆ. ಅದನ್ನು ಮಾರಿ ಈ ವರ್ಷದ ಕೊರತೆ ತುಂಬೋಣ ಎಂದು ಒಬ್ಬರು ಹೇಳುತ್ತಿದ್ದಾರೆ. ತಪ್ಪೇ?

ಉತ್ತರ 1:
ದಯವಿಟ್ಟು ಬೇಡ. ಜಾಗ ಒಂದೇ ಸಲ ಮಾರಬಹುದು, ಸಂಬಳ ತಿಂಗಳು ತಿಂಗಳೂ ಕೊಡಬೇಕು ಅಲ್ವಾ? ಷಿಕಾಗೊ ನಗರ 2008ರಲ್ಲಿ ರಸ್ತೆಬದಿಯ ಪಾರ್ಕಿಂಗ್ ಮೀಟರ್‌ಗಳನ್ನು 75 ವರ್ಷಕ್ಕೆ ಗುತ್ತಿಗೆ ಕೊಟ್ಟಿತು. ಬಂದದ್ದು ಸುಮಾರು 115 ಕೋಟಿ ಡಾಲರ್. ಅದರಲ್ಲಿ ಹೆಚ್ಚಿನ ಪಾಲು ಕೆಲವೇ ವರ್ಷಗಳಲ್ಲಿ ಬಜೆಟ್ ಕೊರತೆ ತುಂಬುವುದಕ್ಕೆ ಖರ್ಚಾಯಿತು. ಮೀಟರ್ ಆದಾಯ ಮಾತ್ರ ಇನ್ನೂ ಹಲವು ದಶಕ ಗುತ್ತಿಗೆ ಹಿಡಿದವರಿಗೇ ಹೋಗುತ್ತದೆ. ಜಾಗ ಮಾರಲೇಬೇಕು ಅಂದರೆ ಆ ಹಣ ಪೈಪ್ ಕೆಲಸಕ್ಕೇ ಹೋಗಲಿ ಎಂದು ಠರಾವು ಬರೆಸಿ. ಪೈಪ್ ಆದರೂ ಎಷ್ಟೋ ವರ್ಷ ಉಳಿಯುತ್ತದೆ.

ಸಭೆಗೆ ಹೋಗುವಾಗ ಮೂರು ವರ್ಷದ ಪೈಪ್ ಒಡೆದ ದೂರುಗಳ ಪಟ್ಟಿ ತೆಗೆದುಕೊಂಡು ಹೋಗಿ. ಪ್ರತಿ ರಿಪೇರಿಗೆ ಎಷ್ಟಾಯಿತು ಎಂಬುದನ್ನೂ ಪಕ್ಕದಲ್ಲೇ ಬರೆದಿಡಿ.

ಪ್ರಶ್ನೆ ಕೇಳಿದವರು:
ನೀರು ಸರಬರಾಜು ವಿಭಾಗದವರಿಗೆ ಈಗಲೇ ಫೋನ್ ಮಾಡಿದೆ. ದೂರಿನ ರಿಜಿಸ್ಟರ್ ನಾಳೆ ಕೊಡುತ್ತಾರಂತೆ.